ಮಹೇಂದ್ರನ ವರ್ಬಲ್ ನಿಂತುಹೋದದ್ದು

ನಂಜನಗೂಡಿನ ನಮ್ಮ ಬೀದಿಯವರಲ್ಲಿ ಬಿಸಿನೆಸ್ ಸ್ಕೂಲು ಎಂಬ ಮಾತನ್ನು ಮೊದಲು ಆಡಿದವನು ಮಹೇಂದ್ರ. ಆಡಬಾರದ ಜಾಗದಲ್ಲಿ ಆಡಿದ್ದೇ ಅವನ ತಪ್ಪು. ತಿ. ನರಸೀಪುರದಲ್ಲಿ ಸೋದರಮಾವ ಪುಟ್ಟಸ್ವಾಮಿಯ ಹೊಸ ಮನೆಯ ಗೃಹಪ್ರವೇಶದ ಊಟ. ಮುಂದೆ ಬಾಳೆಲೆ, ಎಲೆಯ ಮೇಲೆ ಎರಡನೆಯ ಸಲ ಹಾಕಿಸಿಕೊಂಡ ಪಾಯಸ, ಎರಡೂ ಕಡೆ ನೆಂಟರು. ಪಾಯಸದ ಹುರುಪಿನಲ್ಲಿ, "ಮುಂದಿನ ವರ್ಷ ನಾನು ದೊಡ್ಡ ಬಿಸಿನೆಸ್ ಸ್ಕೂಲಿಗೆ ಸೇರ್ತೀನಿ" ಎಂದುಬಿಟ್ಟ.

"ಸ್ಕೂಲ್ಗಾ?" ಎಂದ ಪುಟ್ಟಸ್ವಾಮಿ ಸಾರಿನ ಬಕೆಟ್ಟನ್ನು ಕೆಳಗಿಟ್ಟ. "ಬಿಇ ಮುಗ್ಸಿ, ತಾಂಡ್ಯದಲ್ಲಿ ಕೆಲ್ಸಕ್ಕೂ ಸೇರ್ಕಂಡು, ಈಗ ಮತ್ತೆ ಸ್ಕೂಲ್ಗಾ? ಯಾವ ಕ್ಲಾಸ್ಗೆ ಸೇರ್ಸ್ಕತರಂತ್ಲಾ?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮಹೇಂದ್ರ ಆ ಕ್ಷಣದಲ್ಲಿ ಪಾಯಸ ಬಿಟ್ಟ, ಹಟ ಹಿಡಿದ.

ಮಹೇಂದ್ರನಿಗೆ ಮೂವತ್ತರ ಹತ್ತಿರ ಹತ್ತಿರ. ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಬಾಟಲಿ ಮುಚ್ಚಳಗಳು ಸರಿಯಾಗಿ ಕೂರುತ್ತವೆಯೇ ಎಂದು ಪರೀಕ್ಷೆ ಮಾಡುವ ಕೆಲಸ. ಅಲ್ಲಿಗೆ ಅವನಿಗಿಂತ ಚಿಕ್ಕ ವಯಸ್ಸಿನ ಮ್ಯಾನೇಜರೊಬ್ಬ ಬಂದಿದ್ದ. ಬಂದವನು ಬೋರ್ಡಿನ ಮೇಲೆ ಮೂರು ವೃತ್ತ ಬರೆದು, ನಡುವೆ ಒಂದು ಬಾಣ ಎಳೆದು, ಕೈ ಒರೆಸಿಕೊಂಡು ಕಾರು ಹತ್ತಿ ಹೊರಟುಹೋಗುತ್ತಿದ್ದ. ವಿಚಾರಿಸಿದಾಗ ಬಿಸಿನೆಸ್ ಸ್ಕೂಲಿನಲ್ಲಿ ಓದಿದವನು ಎಂದು ತಿಳಿಯಿತು. ಮೂರು ವೃತ್ತ ತನಗೂ ಬರೆಯಲು ಬರುತ್ತದೆ ಎಂಬ ಧೈರ್ಯದ ಮೇಲೆ ಮಹೇಂದ್ರ ಜಿಮ್ಯಾಟ್ ಎಂಬ ಪ್ರವೇಶ ಪರೀಕ್ಷೆಗೆ ಓದತೊಡಗಿದ.

ಅದರಲ್ಲಿ ಲೆಕ್ಕದ ಭಾಗ ಅವನಿಗೆ ನೀರು ಕುಡಿದಷ್ಟು ಸಲೀಸು. ಕಷ್ಟವಾದದ್ದು ವರ್ಬಲ್ ಎಂಬ ಇಂಗ್ಲಿಷ್ ಭಾಗ. ಒಂದು ಪ್ಯಾರಾ ಕೊಡುತ್ತಾರೆ, ಓದಬೇಕು, ಕೆಳಗಿರುವ ಐದು ಉತ್ತರಗಳಲ್ಲಿ ಒಂದನ್ನು ಒತ್ತಬೇಕು. ಬಾಯಿ ತೆರೆಯುವ ಕೆಲಸ ಎಲ್ಲಿಯೂ ಇಲ್ಲ. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಂಡರೆ ಒಳ್ಳೆಯದು, ಏಕೆಂದರೆ ಅವರ ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

ಮೊದಲ ಅಭ್ಯಾಸ ಪರೀಕ್ಷೆಯಲ್ಲಿ ವರ್ಬಲ್‌ಗೆ ಎಪ್ಪತ್ತೆಂಟು ಬಂತು. ಇಂಗ್ಲಿಷ್ ಪೇಪರಿನ ಸಂಪಾದಕೀಯಗಳನ್ನು ತಿಂಗಳುಗಟ್ಟಲೆ ಓದಿ ಬರೆದ, ಎಪ್ಪತ್ತೆಂಟು. ದಪ್ಪ ದಪ್ಪ ಪದಗಳನ್ನು ಬಾಯಿಪಾಠ ಮಾಡಿ ಬರೆದ, ಎಪ್ಪತ್ತೆಂಟು. ಒಮ್ಮೆ ಜ್ವರದಲ್ಲಿ ಕಂಬಳಿ ಹೊದ್ದು, ಪ್ರಶ್ನೆಯನ್ನು ಪೂರ್ತಿ ಓದದೆಯೇ ಬರೆದ, ಆಗಲೂ ಎಪ್ಪತ್ತೆಂಟೇ. ಇದು ಅವನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

"ಎಪ್ಪತ್ತೆಂಟು ಅಂದ್ರೆ ಡಿಸ್ಟಿಂಕ್ಷನ್ ಅಲ್ವೇನಪ್ಪಾ?" ಎಂದು ಅವನ ತಾಯಿ ರಾಮಮ್ಮ ಕೇಳಿದಳು.

"ಅಲ್ಲಮ್ಮ. ಅವರು ಶುರು ಮಾಡೋದೇ ಅರವತ್ತರಿಂದ. ತೊಂಬತ್ತಕ್ಕೆ ಮುಗಿಯುತ್ತೆ."

"ಏನೂ ಬರೀದಿದ್ರೂ ಅರ್ವತ್ತು ಕೊಟ್ಬುಡ್ತರಾ? ಪಾಪ, ಒಳ್ಳೆ ಜನ," ಎಂದು ರಾಮಮ್ಮ ಪರೀಕ್ಷೆ ನಡೆಸುವವರನ್ನು ಮನಸಾರೆ ಮೆಚ್ಚಿಕೊಂಡಳು.

ಒಂದು ದಿನ ಬೆಳಿಗ್ಗೆ ಮಹೇಂದ್ರ ಹಿತ್ತಿಲಲ್ಲಿ ನಿಂತು ಬೆಂಗಳೂರಿನ ತನ್ನ ಆನ್‌ಲೈನ್ ಮೇಷ್ಟ್ರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. "ವರ್ಬಲ್ ನಿಂತೇ ಹೋಗಿದೆ ಸರ್. ಏನು ಮಾಡಿದ್ರೂ ಏಳ್ತಾ ಇಲ್ಲ. ಇದೊಂದು ಸರಿ ಹೋಗದೆ ಇದ್ರೆ ನನ್ನ ಜೀವನ ಇಷ್ಟೇ ಸರ್."

ಬಚ್ಚಲಿನಲ್ಲಿ ಹಲ್ಲುಜ್ಜುತ್ತಿದ್ದ ಅವನ ತಂದೆ ಚೆಲುವಯ್ಯನಿಗೆ ಈ ಮಾತು ಕೇಳಿಸಿತು. ಚೆಲುವಯ್ಯ ತಾಲ್ಲೂಕು ಕಚೇರಿಯಲ್ಲಿ ದಫೇದಾರನಾಗಿದ್ದು ನಿವೃತ್ತನಾದವನು. ಕಚೇರಿಯಲ್ಲಿ ಆರ್ಡರು ಎರಡು ಬಗೆ: ಬರವಣಿಗೆಯಲ್ಲಿ ಕೊಟ್ಟದ್ದು, ವರ್ಬಲ್ ಆಗಿ ಕೊಟ್ಟದ್ದು. ಬರವಣಿಗೆಯದ್ದು ಫೈಲಿನಲ್ಲಿರುತ್ತದೆ, ವರ್ಬಲ್ಲಿನದ್ದನ್ನು ಮಾರನೆಯ ದಿನ ಯಾರೂ ಕೊಟ್ಟಿರುವುದಿಲ್ಲ. ಹೀಗಾಗಿ ವರ್ಬಲ್ ಎಂದರೆ ಬಾಯಿಮಾತು ಎಂಬುದರಲ್ಲಿ ಚೆಲುವಯ್ಯನಿಗೆ ಸಂಶಯವೇ ಇರಲಿಲ್ಲ. ಮಗ ಈಚೆಗೆ ಕಿವಿಗೆ ವೈರು ಸಿಕ್ಕಿಸಿಕೊಂಡು, ಸದ್ದಿಲ್ಲದೆ ತುಟಿ ಅಲ್ಲಾಡಿಸುತ್ತ ಕೂರುತ್ತಿದ್ದುದೂ, ಊಟಕ್ಕೆ ಕರೆದರೆ ಬರೀ ಕತ್ತು ಆಡಿಸುತ್ತಿದ್ದುದೂ ಒಟ್ಟಿಗೇ ನೆನಪಾದವು. ಚೆಲುವಯ್ಯ ಬಾಯಿ ಮುಕ್ಕಳಿಸುವುದನ್ನೂ ಮರೆತು ಅಡಿಗೆಮನೆಗೆ ಓಡಿದ.

"ಅಮ್ಮೀ, ನಮ್ಮ ಹುಡ್ಗನ ಬಾಯಿ ನಿಂತೋಗದಂತೆ ಕಣೇ!"

"ಅಯ್ಯೋ ನನ್ನ ಸಿವ್ನೇ! ಯಾರಂದ್ರು?"

"ಅವ್ನೇ ಡಾಕ್ಟ್ರ ತಾವ ಯೇಳ್ಕಂಡು ಅಳ್ತಾವ್ನೆ, ಫೋನಲ್ಲಿ."

ಮೇಷ್ಟ್ರು ಡಾಕ್ಟರಾದದ್ದು ಅಡಿಗೆಮನೆಯ ಹೊಸ್ತಿಲ ಬಳಿ. ಅಲ್ಲಿಂದ ಮುಂದೆ ಯಾವ ಯಾವ ಹೊಸ್ತಿಲಲ್ಲಿ ಏನೇನಾಯಿತು ಎಂಬುದೇ ಕತೆ.

ರಾಮಮ್ಮ ಪಕ್ಕದ ಮನೆಯ ಸಣ್ಣತಾಯಮ್ಮನ ಬಳಿ ಹೋಗಿ ಅತ್ತಳು. ಸಣ್ಣತಾಯಮ್ಮ ಬೀದಿಯ ಮಕ್ಕಳಿಗೆಲ್ಲ ಔಷಧಿ ಅರೆದುಕೊಟ್ಟ ಕೈ. "ಬಜೆ ತೇದು, ಜೇನ್ತುಪ್ಪದಲ್ಲಿ ಕಲ್ಸಿ ನಾಲ್ಗೆಗೆ ತಿಕ್ಕು ರಾಮಕ್ಕ," ಎಂದಳು. "ಮಾತು ಬರ್ದಿದ್ದ ಮಕ್ಳೆಲ್ಲ ಬಜೆ ತಿಂದು ಈಗ ರಾಜ್ಕೀಯದಲ್ಲವ್ರೆ. ಆದ್ರೆ ಅವ್ನಿಗೆ ಬಾಯ್ಗೆ ಅಂತ ಯೇಳ್ಬ್ಯಾಡ. ಮನ್ಸಿಗೆ ಅಚ್ಕಂಡ್ರೆ ಇನ್ನೂ ಬಿಗ್ದುಬುಡ್ತದೆ."

ರಾಮಮ್ಮ ಮಗನಿಗೆ "ಬುದ್ಧಿಗೆ ಒಳ್ಳೇದು, ನಾಲ್ಗೆ ಚಾಚು" ಎಂದಳು. ಎಪ್ಪತ್ತೆಂಟರಲ್ಲಿ ಸಿಕ್ಕಿಕೊಂಡವನಿಗೆ ಬುದ್ಧಿಗೆ ಒಳ್ಳೆಯದೆಂದರೆ ಬೇಡವೆನ್ನುವ ಶಕ್ತಿ ಎಲ್ಲಿಂದ ಬರಬೇಕು? ಅವನು ನಾಲಿಗೆ ಚಾಚಿದ.

ಆ ಹೊತ್ತಿಗೆ ಅವನಿಗೊಂದು ಸಂಬಂಧವೂ ಕೂಡಿಬರುವುದರಲ್ಲಿತ್ತು. ಹುಡುಗಿ ಧನುಶ್ರೀ, ಮೈಸೂರಿನ ಒಂದು ವಿಮಾ ಕಚೇರಿಯಲ್ಲಿ ಕೆಲಸ; ಅಪಘಾತವಾಯಿತು, ಪರಿಹಾರ ಕೊಡಿ ಎಂದು ಬಂದವರ ಕ್ಲೇಮುಗಳನ್ನು ಸ್ಥಳಕ್ಕೆ ಹೋಗಿ ಪರಿಶೀಲಿಸುವವಳು. ಅವಳ ತಂದೆ ರಾಮಯ್ಯನದು ತಿ. ನರಸೀಪುರದಲ್ಲಿ ಗೊಬ್ಬರದ ಅಂಗಡಿ. ಹುಡುಗ ಹುಡುಗಿ ಫೋನಿನಲ್ಲಿ ಒಂದು ಸಲ ಮಾತಾಡಿದ್ದರು. ಮಹೇಂದ್ರ ಬಾಟಲಿ ಮುಚ್ಚಳದ ಒಳಗಿನ ಎಳೆಗಳ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಿದ್ದ. ಇಷ್ಟರಲ್ಲಿ ಸಣ್ಣತಾಯಮ್ಮನ ಫೋನು ಪುಟ್ಟಸ್ವಾಮಿಗೆ ಹೋಯಿತು.

ಪುಟ್ಟಸ್ವಾಮಿ ಸುಮ್ಮನೆ ಕೂರುವ ಜಾತಿಯವನಲ್ಲ. ಅಳಿಯನ ಬಾಯಿ ಬಿಡಿಸುವುದಕ್ಕೆ ಅವನಿಗೆ ಹೊಳೆದದ್ದು ಒಂದೇ ದಾರಿ: ಜನರ ಮುಂದೆ ಮೈಕು ಕೊಟ್ಟು ನಿಲ್ಲಿಸಿಬಿಡುವುದು. "ಈಜು ಬರ್ದೋನ್ನ ಬಾವಿಗ್ ತಳ್ದಂಗೆ" ಎಂದು ಭಾವನಿಗೆ ವಿವರಿಸಿದ. ಪುಟ್ಟಸ್ವಾಮಿಯ ಜೊತೆ ಕಂದಾಯ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಗುಮಾಸ್ತರೊಬ್ಬರ ಬೀಳ್ಕೊಡುಗೆ ಸಮಾರಂಭ ತಿ. ನರಸೀಪುರದ ಸಮುದಾಯ ಭವನದಲ್ಲಿತ್ತು. ಊಟಕ್ಕೆ ಬಾ ಎಂದು ಮಹೇಂದ್ರನನ್ನು ಕರೆಸಿಕೊಂಡ. ಅಂದು ವಿಶೇಷ ದಿನವೆಂದು ರಾಮಮ್ಮ ಬಜೆಯ ಜೊತೆ ಹಿಪ್ಪಲಿಯನ್ನೂ ಅರೆದು, ಎರಡು ಪಟ್ಟು ತಿಕ್ಕಿ ಕಳಿಸಿದ್ದಳು. ಬಸ್ಸು ಇಳಿಯುವ ಹೊತ್ತಿಗೆ ಮಹೇಂದ್ರನಿಗೆ ತನ್ನ ಬಾಯಲ್ಲಿ ನಾಲಿಗೆ ಇದೆಯೋ ಬೇರೆಯವರ ಚಪ್ಪಲಿ ಇದೆಯೋ ತಿಳಿಯದಂತಾಗಿತ್ತು.

ಭಾಷಣಗಳು ಮುಗಿದವು. ಮೈಕಿನಲ್ಲಿ ಪುಟ್ಟಸ್ವಾಮಿಯ ಧ್ವನಿ ಕೇಳಿಸಿತು: "ಈಗ ವಂದನಾರ್ಪಣೆ. ನನ್ನ ಅಕ್ಕನ ಮಗ ಮಹೇಂದ್ರ, ದಯವಿಟ್ಟು ವೇದಿಕೆಗೆ ಬರಬೇಕು."

ಮಹೇಂದ್ರ ಹಿಂದೆ ತಿರುಗಿ ಇನ್ನೊಬ್ಬ ಮಹೇಂದ್ರನನ್ನು ಹುಡುಕಿದ. ಯಾರೂ ಇರಲಿಲ್ಲ. ಯಾರೋ ತಳ್ಳಿದರು, ಯಾರೋ ಎಳೆದರು. ಮೈಕು ಅವನ ಗಲ್ಲಕ್ಕೆ ತಾಗಿತು.

"ವಂ..." ಎಂದ. "ವಂಗ... ವಂಗನೆ..."

ಮಹೇಂದ್ರ ನಾಲಿಗೆಯನ್ನು ಹಲ್ಲಿನ ಸಾಲಿಗೆ ತಾಗಿಸಲು ಹೆಣಗಿದ. "ಎಲ್ಲಯಿಗೂ... ವಂಗ..."

"ಬುಡಪ್ಪಾ, ಬುಡು, ಸಾಕು," ಎಂದು ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗು ಕಣ್ಣಿಗೊತ್ತಿಕೊಂಡಳು. ನಿವೃತ್ತರಾಗುತ್ತಿದ್ದ ಗುಮಾಸ್ತರು ಎದ್ದು ಬಂದು, ತಮ್ಮ ಕೊರಳಿನ ಹಾರವನ್ನೇ ತೆಗೆದು ಅವನಿಗೆ ಹಾಕಿದರು. "ಪ್ರಯತ್ನ ಪಟ್ಟನಲ್ಲ, ಅದು ದೊಡ್ಡದು" ಎಂದರು. ಚಪ್ಪಾಳೆ ಬಿತ್ತು. ಜೀವಮಾನವೆಲ್ಲ ಪಹಣಿ ಬರೆದವರಿಗೆ ಬಿದ್ದದ್ದಕ್ಕಿಂತ ಹೆಚ್ಚಿನ ಚಪ್ಪಾಳೆ.

ಎರಡನೆಯ ಸಾಲಿನಲ್ಲಿ ಕೂತಿದ್ದ ಗೊಬ್ಬರದಂಗಡಿ ರಾಮಯ್ಯ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಊಟಕ್ಕೂ ನಿಲ್ಲದೆ ಹೊರಟುಹೋದ. ಮಾರನೆಯ ದಿನ ಅವನಿಂದ ಸುದ್ದಿ ಬಂತು: ಜಾತಕ ಕೂಡಿಬರಲಿಲ್ಲ.

ಮಹೇಂದ್ರನ ಕಡೆಯವರು ಇನ್ನೂ ಜಾತಕವನ್ನೇ ಕೊಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ಚೆಲುವಯ್ಯನ ಜಗುಲಿಯಲ್ಲಿ ಸಮಾಧಾನ ಹೇಳುವವರ ಸಭೆ ಸೇರಿತ್ತು. ಪುಟ್ಟಸ್ವಾಮಿ ಬಂದಿದ್ದ, ಸಣ್ಣತಾಯಮ್ಮ ಇದ್ದಳು. ಏನೂ ಅರ್ಥವಾಗದೆ ಮಹೇಂದ್ರ ಕಂಬಕ್ಕೊರಗಿ ಕೂತಿದ್ದ. ನಾಲಿಗೆ ಸರಿಹೋಗಿತ್ತು, ಆದರೆ ಅವನು ಬಾಯಿ ತೆರೆದರೆ ಸಾಕು, "ಆಯಾಸ ಮಾಡ್ಕಬ್ಯಾಡ ಮಗ" ಎಂದು ನಾಲ್ಕು ಕಡೆಯಿಂದ ತಡೆಯುತ್ತಿದ್ದರು. ಆಗ ಬಾಗಿಲ ಮುಂದೆ ಒಂದು ಸ್ಕೂಟರು ನಿಂತಿತು. ಹೆಲ್ಮೆಟ್ಟು ತೆಗೆದದ್ದು ಧನುಶ್ರೀ.

"ನಮ್ಮಪ್ಪ ಈ ಸಂಬಂಧ ಬೇಡ ಅಂದ್ರು," ಎಂದಳು, ಕೊಟ್ಟ ನೀರು ಕುಡಿದು. "ಬೇಡ ಅಂದ್ರೆ ಬೇಡ, ನಂಗೇನೂ ಬೇಜಾರಿಲ್ಲ. ಆದ್ರೆ ಕೊಡದೆ ಇರೋ ಜಾತಕ ಹೆಂಗೆ ಕೂಡಿಬರ್ಲಿಲ್ಲ? ಫೋನಲ್ಲಿ ಅಷ್ಟೊತ್ತು ಮುಚ್ಚಳದ ಬಗ್ಗೆ ಮಾತಾಡಿದೋರಿಗೆ ಮಾತೇ ಬರಲ್ಲ ಅಂದ್ರೆ ಹೆಂಗೆ? ಇದು ಗೊತ್ತಾಗದೆ ನಂಗೆ ಅನ್ನ ಸೇರಲ್ಲ. ಮೊದಲು ಯಾರು ಹೇಳಿದ್ದು?"

ಎಲ್ಲರೂ ಪುಟ್ಟಸ್ವಾಮಿಯನ್ನು ನೋಡಿದರು.

"ನಾನು ಮೂಗ ಅಂತ ಯೇಳೇ ಇಲ್ಲ ಕಣವ್ವ," ಎಂದ ಪುಟ್ಟಸ್ವಾಮಿ. "ನಿಮ್ಮಪ್ಪಾರ್ಗೆ, 'ಮಾತು ವಸಿ ಕಮ್ಮಿ, ನರಕ್ಕೆ ಔಸ್ದಿ ನಡೀತಾ ಅದೆ' ಅಂದೆ. ಸಣ್ಣತಾಯಮ್ಮ ನರ ಬಿಗ್ದದೆ ಅಂದ್ಲು, ಅದ್ಕೆ."

"ನಾನೆಲ್ಲಂದೆ?" ಎಂದು ಸಣ್ಣತಾಯಮ್ಮ ಎದ್ದು ನಿಂತಳು. "'ನರಗಿರ ಏನಾರ ಬಿಗ್ದಿದ್ದಾದಾ' ಅಂತ ಕೇಳ್ದೆ. ಕೇಳಾದೂ ತಪ್ಪಾ? ರಾಮಕ್ಕ ಬಂದು ಬಾಯಿ ಬಿದ್ದೋಗದೆ ಅಂತ ಅತ್ಲು. ಇನ್ನೇನ್ ಕೇಳ್ಲಿ?"

"ಬಿದ್ದೋಗದೆ ಅನ್ನಲಿಲ್ಲ ಕಣಕ್ಕ, ನಿಂತೋಗದಂತೆ ಅಂದೆ. ಇವ್ರು ನಂಗಂದಿದ್ದೇ ಅಷ್ಟು," ಎಂದಳು ರಾಮಮ್ಮ, ಗಂಡನ ಕಡೆ ಕೈ ತೋರಿಸಿ.

ಧನುಶ್ರೀ ಚೆಲುವಯ್ಯನ ಕಡೆ ತಿರುಗಿದಳು. ಚೆಲುವಯ್ಯ ನೆಟ್ಟಗೆ ಕೂತ. ದಫೇದಾರನಾಗಿ ಎಷ್ಟೋ ವಿಚಾರಣೆ ಕಂಡವನು. ಸಾಕ್ಷಿಯಾದದ್ದು ಇದೇ ಮೊದಲು.

"ನಾನು ಒಂದಕ್ಸರವೂ ಸೇರ್ಸಿಲ್ಲ. ಬಾಯಿ ನಿಂತೋಗದೆ ಅನ್ನಾದ ಅವ್ನ ಬಾಯಿಂದ್ಲೇ ಕೇಳ್ದೆ."

"ಬಾಯಿ ನಿಂತೋಗಿದೆ ಅಂತ ಬಾಯಿಂದಲೇ ಹೇಳಿದ್ರಾ?"

ಚೆಲುವಯ್ಯ ಒಂದು ಸಲ ಮಗನನ್ನು, ಒಂದು ಸಲ ಸೂರನ್ನು ನೋಡಿದ. "ವರ್ಬಲ್ ನಿಂತೋಗದೆ ಅಂದ," ಎಂದ ಸಣ್ಣಗೆ. "ವರ್ಬಲ್ ಅಂದ್ರೆ ಬಾಯಲ್ವಾ?"

ಮಹೇಂದ್ರ ಕಂಬ ಬಿಟ್ಟು ಎದ್ದ. ಆಯಾಸ ಮಾಡಿಕೊಳ್ಳಬೇಡ ಎಂದು ಈ ಸಲ ಯಾರೂ ತಡೆಯಲಿಲ್ಲ. ವರ್ಬಲ್ ಎಂದರೇನು, ಪ್ಯಾರಾ ಎಂದರೇನು, ಎಪ್ಪತ್ತೆಂಟು ಎಂದರೇನು ಎಂದು ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ, ನಾಲಿಗೆಗೆ ತಿಕ್ಕಿದ್ದು ಬುದ್ಧಿಗಲ್ಲ ಎಂಬುದು ಅವನಿಗೆ ಅರ್ಥವಾಯಿತು. ಮೈಕು ಏಕೆ ಬಂತು, ಹಾರ ಏಕೆ ಬಿತ್ತು ಎಂಬುದೂ ಅರ್ಥವಾಯಿತು. ಕೋಪ ಬರಬೇಕಾದ ಜಾಗ ಅದು. ಆದರೆ ಪುಟ್ಟಸ್ವಾಮಿಯ ಮುಖ ನೋಡಿ ಅವನಿಗೆ ನಗು ಬಂದುಬಿಟ್ಟಿತು.

ಧನುಶ್ರೀಯ ಕುತೂಹಲ ಅಲ್ಲಿಗೂ ತೀರಲಿಲ್ಲ. "ಇಷ್ಟೆಲ್ಲಾ ಮಾಡಿದ ಆ ವರ್ಬಲ್ ಹೆಂಗಿರುತ್ತೆ? ಒಂದು ಪ್ರಶ್ನೆ ತೋರಿಸಿ ನೋಡೋಣ" ಎಂದಳು.

ಮಹೇಂದ್ರ ಲ್ಯಾಪ್‌ಟಾಪು ತಂದು, ತಾನು ತಪ್ಪು ಮಾಡಿದ ಪ್ರಶ್ನೆಯೊಂದನ್ನು ಕನ್ನಡದಲ್ಲಿ ಹೇಳಿದ. ಒಂದು ಪಟ್ಟಣದಲ್ಲಿ ಹೊಸ ಸೇತುವೆ ಆದ ಮೇಲೆ ಹಳೆಯ ಪೇಟೆಬೀದಿಯ ವ್ಯಾಪಾರ ಕುಸಿಯಿತು. ಇಷ್ಟರಿಂದಲೇ ಖಂಡಿತವಾಗಿ ಹೇಳಬಹುದಾದ ಮಾತು ಯಾವುದು? "ನಾನು ಒತ್ತಿದ್ದು: ಜನ ಸೇತುವೆ ದಾಟಿ ಪಕ್ಕದೂರಿನಲ್ಲಿ ಸಾಮಾನು ಕೊಳ್ಳುತ್ತಿದ್ದಾರೆ."

"ಅದು ಎಲ್ಲಿ ಬರೆದಿದೆ?"

"ಬರೆದಿಲ್ಲ. ಆದ್ರೆ ಹುಲ್ಲಹಳ್ಳಿ ಕಡೆ ನಮ್ಮ ಚಿಕ್ಕಮ್ಮನ ಊರಲ್ಲಿ ಹಂಗೇ..."

"ಚಿಕ್ಕಮ್ಮ ಈ ಪ್ಯಾರಾದಲ್ಲಿ ಎಲ್ಲವ್ರೆ?"

ಚಿಕ್ಕಮ್ಮ ಎಲ್ಲಿಯೂ ಇರಲಿಲ್ಲ. "ಸರಿ ಉತ್ತರ ಯಾವ್ದಂತೆ?" ಎಂದು ಚೆಲುವಯ್ಯ ಕೇಳಿದ.

"ಸೇತುವೆ ಆಗೋ ಮುಂಚೆ ಆ ಬೀದೀಲಿ ಈಗಿನದಕ್ಕಿಂತ ಹೆಚ್ಚು ವ್ಯಾಪಾರ ಇತ್ತು, ಅನ್ನೋದು. ತೀರಾ ಸಪ್ಪೆ ಅಂತ ನಾನು ಬಿಟ್ಟೆ."

"ನೀವೂ ಇವರ ಥರಾನೇ," ಎಂದು ಧನುಶ್ರೀ ಜಗುಲಿಯ ಮೇಲಿದ್ದವರನ್ನೆಲ್ಲ ತೋರಿಸಿ ನಕ್ಕಳು. "ಕೇಳಿದ್ದು ಒಂದು ಹಿಡಿ, ಹಾಕಿದ ಒಗ್ಗರಣೆ ಒಂದು ಬಾಣಲೆ."

ಮಹೇಂದ್ರ ನಗಲಿಲ್ಲ. ಮುಂದಿನ ಪ್ರಶ್ನೆ ತೆಗೆದ, ಅದರ ಮುಂದಿನದನ್ನು ತೆಗೆದ. ಒಂದರಲ್ಲಿ ಕಾರ್ಖಾನೆಯ ಮ್ಯಾನೇಜರನನ್ನು ಸೇರಿಸಿದ್ದ, ಇನ್ನೊಂದರಲ್ಲಿ ಕಬ್ಬಿನ ಬೆಲೆ ಸೇರಿಸಿದ್ದ. ತಿಮಿಂಗಿಲಗಳ ಬಗ್ಗೆ ಇದ್ದ ಒಂದು ಪಾಪದ ಪ್ಯಾರಾಕ್ಕೆ ಕಪಿಲಾ ನದಿಯ ಮೀನನ್ನು ತಂದು ಬಿಟ್ಟಿದ್ದ. ಇಂಗ್ಲಿಷ್ ಬರದೆ ತಪ್ಪಾದದ್ದು ಒಂದೂ ಇರಲಿಲ್ಲ. ಧನುಶ್ರೀ ಹೊರಟದ್ದೂ ಅವನಿಗೆ ಸರಿಯಾಗಿ ಗೊತ್ತಾಗಲಿಲ್ಲ. ಹೀಗೆ ಹುಡುಗಿಗೆ ವಿದಾಯ ಹೇಳದೆ ತಿಮಿಂಗಿಲ ನೋಡುತ್ತ ಕೂತವನನ್ನು ನಾನಂತೂ ಬೇರೆ ಕಂಡಿಲ್ಲ. ಅವಳು ಅದನ್ನು ತಪ್ಪೆಂದು ತಿಳಿಯಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಅಂದಿನಿಂದ ಚೆಲುವಯ್ಯ ಮಗನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡ. ಇಂಗ್ಲಿಷ್ ಒಂದಕ್ಷರ ಅರ್ಥವಾಗದಿದ್ದರೂ ಮಗ ಉತ್ತರ ಒತ್ತುವ ಮುಂಚೆ "ಎಲ್ ಬರ್ದದೆ ತೋರ್ಸು" ಎನ್ನುತ್ತಿದ್ದ. ಮಹೇಂದ್ರ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರೆ "ಊಂ, ಒತ್ತು" ಎನ್ನುವನು. ಬೆರಳು ತಡವರಿಸಿದರೆ "ಬ್ಯಾಡ, ಅದು ನಿಂದೇ ಒಗ್ಗರಣೆ" ಎನ್ನುವನು. ದಫೇದಾರನಿಗೆ ಈ ಅಧಿಕಾರ ಎಷ್ಟು ರುಚಿಸಿತೆಂದರೆ, ಮನೆಗೆ ಬಂದವರನ್ನೆಲ್ಲ "ನೀನ್ ಕಂಡ್ಯಾ? ಕಣ್ಣಾರ ಕಂಡ್ಯಾ?" ಎಂದು ಹಿಡಿಯತೊಡಗಿದ. ಸಣ್ಣತಾಯಮ್ಮ ಬರುವುದನ್ನೇ ಬಿಟ್ಟಳು. ನಮ್ಮ ಬೀದಿ ಸುದ್ದಿಯಿಲ್ಲದೆ ಬಣಬಣ ಎಂದಿತು. ಯಾರ ಮನೆಯ ಸೊಸೆ ತವರಿಗೆ ಹೋದಳು, ಏಕೆ ಹೋದಳು ಎಂಬುದು ತಿಳಿಯದೆ ನಾವೆಲ್ಲ ಕಂಗಾಲಾದೆವು.

ವರ್ಬಲ್ ಎಂಬತ್ತಕ್ಕೆ ಏರಿತು. ಒಮ್ಮೆ ಜಾರಿತು, ಮತ್ತೆ ಏರಿತು. ಬೆಂಗಳೂರಿಗೆ ಹೋಗಿ ನಿಜವಾದ ಪರೀಕ್ಷೆ ಬರೆದ ದಿನ ಪರದೆಯ ಮೇಲೆ ಎಂಬತ್ತೈದು ಎಂದು ಬಂದಾಗ ಮಹೇಂದ್ರ ಹೊರಗೆ ಬಂದು ಫೋನು ಮಾಡಿದ.

"ಏಳೇ ಜಾಸ್ತಿ ಬಂದಿದ್ದಾ? ಅಷ್ಟಕ್ಕೇನಾ ಇಷ್ಟು ಗೋಳು?" ಎಂದ ಚೆಲುವಯ್ಯ. ಆಮೇಲೆ ಫೋನನ್ನು ರಾಮಮ್ಮನ ಕೈಗೆ ಕೊಟ್ಟು ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡ.

ಒಂದು ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂತು, ವಿಡಿಯೊ ಮೂಲಕ. ಮಹೇಂದ್ರ ಕೋಟು ಹಾಕಿ ಕೂತ. ಯಾರೂ ಒಳಗೆ ಬರಕೂಡದೆಂದು ಹೇಳಿದ್ದ. ಯಾರೂ ಬರಲಿಲ್ಲ, ಬಾಗಿಲಲ್ಲಿ ನಿಂತರು, ಅಷ್ಟೆ. ಆ ಕಡೆ ಮೂವರು ಪ್ರೊಫೆಸರುಗಳು. ಕೊನೆಗೆ ಅವರಲ್ಲಿ ಕನ್ನಡದವರೊಬ್ಬರು, "ನಿಮ್ಮ ಹಿಂದೆ ಯಾರೋ ನಿಂತಿದ್ದಾರಲ್ಲ?" ಎಂದರು. ಚೆಲುವಯ್ಯ ಅಭ್ಯಾಸಬಲದಿಂದ ಸೆಲ್ಯೂಟು ಹೊಡೆದ.

"ತಂದೆಯವರಾ? ನೀವೇ ಹೇಳಿ ಸಾರ್, ಮಗ ಇದನ್ನ ಓದಿ ಮುಂದೆ ಏನು ಮಾಡ್ತಾನೆ?"

"ಅವ್ನಿನ್ನೂ ಯೇಳಿಲ್ಲ ಸಾ," ಎಂದ ಚೆಲುವಯ್ಯ ಕೈಮುಗಿದು. "ಯೇಳ್ದೆ ಇರಾದ ನಾವು ಸೇರ್ಸಂಗಿಲ್ಲ."

ಆ ಮಾತು ಉಳಿದ ಇಬ್ಬರಿಗೆ ಇಂಗ್ಲಿಷಿನಲ್ಲಿ ಹೇಗೆ ತಲುಪಿತೋ ಗೊತ್ತಿಲ್ಲ, ಮೂವರೂ ನಕ್ಕರು. ಸೀಟು ಸಿಕ್ಕಿತು. ಸಿಕ್ಕಿದ್ದಕ್ಕೆ ತಾನೇ ಕಾರಣ ಎಂದು ಚೆಲುವಯ್ಯ ಹೇಳುತ್ತಾನೆ. ಪುರಾವೆ ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಸೀಟು ಸಿಕ್ಕ ಸುದ್ದಿ ಹೇಳಲು ಮಹೇಂದ್ರ ಧನುಶ್ರೀಗೆ ಫೋನು ಮಾಡಿದ. ಹೇಳಿ ಮುಗಿಸಿಯೂ ಫೋನು ಇಡಲಿಲ್ಲ.

"ಇನ್ನೇನಾದ್ರೂ ಕೇಳೋದಿತ್ತಾ?" ಎಂದಳು ಅವಳು.

"ನೀವು ಅವತ್ತು ಬಂದಿರಿ. ಆಮೇಲೂ ಫೋನ್ ಮಾಡಿ ವರ್ಬಲ್ ಎಷ್ಟಾಯ್ತು ಅಂತ ಕೇಳ್ತಿದ್ರಿ. ಅಷ್ಟರಿಂದ ನಾನು ಏನೂ ಅಂದ್ಕೊಳ್ಳೋ ಹಾಗಿಲ್ಲ. ಅದಕ್ಕೇ ಕೇಳ್ತಿದೀನಿ. ಒಪ್ಪಿಗೆನಾ?"

"ನಾಳೆ ಸಂಗಮದ ಹತ್ರ ಬನ್ನಿ," ಎಂದಳು.

ಮಾರನೆಯ ದಿನ ತಿ. ನರಸೀಪುರದ ಸಂಗಮದ ಮೆಟ್ಟಿಲ ಮೇಲೆ ಧನುಶ್ರೀ, ಒಪ್ಪಿಗೆ ಎಂದಳು. ಅಪ್ಪನಿಗೆ ಆಗಲೇ ಹೇಳಿದ್ದೇನೆ, ಅಪ್ಪ ಇನ್ನೊಂದು ಸಲ ಹುಡುಗನ ಬಾಯಿಂದ ನಾಲ್ಕು ಮಾತು ಕೇಳಬೇಕಂತೆ ಎಂದಳು. ಮದುವೆ ಮಾಡಿಕೊಂಡೇ ಓದಲು ಹೋಗಿ, ಕಾಯುವುದು ನನಗಾಗದು ಎಂದಳು. ಇಷ್ಟೇ ಅವಳು ಹೇಳಿದ್ದು. ಮಹೇಂದ್ರ ರಾಮಯ್ಯನ ಅಂಗಡಿಗೆ ಹೋಗಿ, ಯೂರಿಯಾ ಮೂಟೆಗಳ ನಡುವೆ ನಿಂತು ನಾಲ್ಕಲ್ಲ, ನಲವತ್ತು ಮಾತಾಡಿದ. "ಸಾಕು ಬುಡಪ್ಪ, ಗಿರಾಕಿ ಕಾಯ್ತಾವ್ರೆ" ಎಂದು ರಾಮಯ್ಯನೇ ಕೈಮುಗಿದ.

ಮನೆಗೆ ಬಂದು ನಡೆದದ್ದನ್ನು ನಡೆದ ಹಾಗೆಯೇ ತಂದೆತಾಯಿಗೆ ಹೇಳಿದ. ಚೆಲುವಯ್ಯ ಎರಡು ಸಲ ಕೇಳಿ ಖಚಿತಪಡಿಸಿಕೊಂಡ. ಅಷ್ಟರಲ್ಲಿ ರಾಮಮ್ಮ ಸಂತೋಷ ತಡೆಯಲಾರದೆ, ಎಷ್ಟೋ ದಿನಗಳಿಂದ ಮುನಿಸಿಕೊಂಡಿದ್ದ ಸಣ್ಣತಾಯಮ್ಮನ ಮನೆಯೊಳಗೆ ಹೋಗಿಯಾಗಿತ್ತು.

ಸಂಜೆ ಬಾಗಿಲ ಮುಂದೆ ಒಂದು ಲಗೇಜು ಆಟೋ ಬಂದು ನಿಂತಿತು. ಹಿಂದುಗಡೆ ಹಗ್ಗ ಬಿಗಿದ ಒಂದು ಹೊಸ ಕಬ್ಬಿಣದ ಬೀರು. ಬೀರುವಿನ ಪಕ್ಕದಲ್ಲಿ ಅದನ್ನು ತಬ್ಬಿಕೊಂಡು ನಿಂತ ಪುಟ್ಟಸ್ವಾಮಿ. ಅವನ ಕಣ್ಣು ಕೆಂಪಾಗಿತ್ತು.

"ಸ್ವಂತ ಸೋದರಮಾವ ನಾನು," ಎಂದ. "ಸಂಗಮದಲ್ಲಿ ತಾಳಿ ಕಟ್ಕಂಡ್ ಬಂದ್ಬುಟ್ರಿ, ನಂಗೊಂದ್ ಮಾತು ಯೇಳ್ಬ್ಯಾಡ್ವೇನ್ಲಾ? ಆಗಿದ್ ಆಯ್ತು, ನನ್ನ ಕಡೆಯಿಂದ ಉಡುಗೊರೆ ಇದು. ಇಳಿಸ್ಕಳ್ರಿ. ಎಲ್ಲಿ, ಸೊಸೆ ಒಳಗವ್ಳಾ?"

ಚೆಲುವಯ್ಯ ಒಂದು ಕಡೆ, ಮಹೇಂದ್ರ ಒಂದು ಕಡೆ ಹಿಡಿದು ಬೀರುವನ್ನು ಇಳಿಸಿಕೊಂಡರು.